ಕೆಂಪೇಗೌಡರಿಂದ ಕೆಂಪೇಗೌಡರಿಗೆ: ಏರ್‌ಪೋರ್ಟಿನಿಂದ ಹಳೇ ಬೆಂಗಳೂರಿಗೆ ಒಂದು ಬಸ್ಸು, ಒಂದು ಮೆಟ್ರೋ

ವಿಮಾನ ಇಳಿಯೋದು ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ. ಅಲ್ಲಿ ಕೆಐಎ-9 ಬಸ್ ಹತ್ತಿದರೆ ಇಳಿಸೋದು ಕೆಂಪೇಗೌಡ ಬಸ್ ನಿಲ್ದಾಣದಲ್ಲಿ. ಪಕ್ಕದಲ್ಲೇ ಇರೋ ಮೆಟ್ರೋ ಸ್ಟೇಷನ್ನಿನ ಹೆಸರು ನಾಡಪ್ರಭು ಕೆಂಪೇಗೌಡ. ಒಂದೇ ಪ್ರಯಾಣದಲ್ಲಿ ಮೂರು ಸಲ ಗೌಡರ ದರ್ಶನ. ಆದರೆ ಕಂಡಕ್ಟರ್ ಹತ್ರ 'ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಒಂದು' ಅಂದು ನೋಡಿ. ಒಂದು ಕ್ಷಣ ನಿಮ್ಮ ಮುಖ ನೋಡಿ 'ಮೆಜೆಸ್ಟಿಕ್ಕಾ?' ಅಂತಾರೆ. ಧರ್ಮಾಂಬುಧಿ ಕೆರೆ ಇದ್ದ ಜಾಗಕ್ಕೆ ಒಂದು ಸಿನಿಮಾ ಥಿಯೇಟರಿನ ಹೆಸರು ಅಂಟಿಕೊಂಡಿದೆ. ಇನ್ನು ಅದು ಬಿಡೋದಿಲ್ಲ.

ನಾನು ಬಸವನಗುಡಿಯವಳು. ಸಾಫ್ಟ್‌ವೇರ್ ಕೆಲಸ. ಟೀಮ್ ಹೈದರಾಬಾದಿನಲ್ಲಿ ಇರೋದರಿಂದ ತಿಂಗಳಿಗೆ ಎರಡು ಸಲವಾದರೂ ಏರ್‌ಪೋರ್ಟ್ ನೋಡ್ತೀನಿ. 'ಕಂಪನಿ ಕ್ಯಾಬ್ ಬಿಲ್ ಕೊಡತ್ತಲ್ಲ, ಬಸ್ಸಲ್ಲಿ ಯಾಕೆ ಒದ್ದಾಡ್ತೀಯ?' ಅಂತ ಕೇಳೋರೇ ಜಾಸ್ತಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗೆ ಹೋಗೋರಿಗೆ ಬಸ್ಸು ಮತ್ತು ಮೆಟ್ರೋ ಸೇರಿದ ದಾರಿ ಒದ್ದಾಟವೇ ಅಲ್ಲ ಅನ್ನೋದು ನನ್ನ ಅನುಭವ. ಇನ್ನು ಕೆಲವು ವರ್ಷಕ್ಕೆ ಊರಿನ ಸಾರಿಗೆ ನಕ್ಷೆಯೇ ಬದಲಾಗಲಿದೆ. ಅದರಲ್ಲಿ ನಮ್ಮ ಹಳೇ ಬಡಾವಣೆಗಳ ಪಾಲೆಷ್ಟು ಅನ್ನೋದನ್ನೂ ಈಗಲೇ ನೋಡಿಕೊಳ್ಳಬೇಕು.

ದಾರಿ ಹೀಗಿದೆ

2008ರ ಮೇ ತಿಂಗಳವರೆಗೆ ನಮ್ಮ ಏರ್‌ಪೋರ್ಟ್ ಅಂದರೆ ಎಚ್‌ಎಎಲ್. ಆಟೋದಲ್ಲಿ ಹೋಗಿ ಬರಬಹುದಿತ್ತು. ಅದು ದೇವನಹಳ್ಳಿ ಕಡೆಗೆ ಹೋದಮೇಲೆ ಊರಿನ ಮಧ್ಯಭಾಗದಿಂದ ಸುಮಾರು 35 ಕಿಲೋಮೀಟರ್ ದೂರವಾಯಿತು. ಆಗಿನಿಂದ ಓಡುತ್ತಿರೋದು ಬಿಎಂಟಿಸಿಯ ವಾಯು ವಜ್ರ ಎಸಿ ಬಸ್ಸುಗಳು. ಎಲ್ಲ ನಂಬರಿನ ಮುಂದೆಯೂ 'ಕೆಐಎ' ಇರುತ್ತೆ. ಮೆಜೆಸ್ಟಿಕ್ಕಿಗೆ ಬರೋದು ಕೆಐಎ-9.

ಅರೈವಲ್ಸ್‌ನಿಂದ ಹೊರಬಂದು ಬಸ್ಸಿನ ಬೋರ್ಡ್ ಹಿಡಿದು ನಡೀರಿ. ಸೂಟ್‌ಕೇಸ್ ಇಡೋಕೆ ಬಸ್ಸೊಳಗೇ ಜಾಗ ಇರುತ್ತೆ. ಬಸ್ ಎಲ್ಲಿದೆ ಅಂತ ನೋಡೋಕೆ 'ನಮ್ಮ ಬಿಎಂಟಿಸಿ' ಆ್ಯಪ್ ಇದೆ. ಖರ್ಚು ಟ್ಯಾಕ್ಸಿಗೆ ಕೊಡೋದರ ಸಣ್ಣದೊಂದು ಪಾಲು. ಒಂದು ವಿಷಯ ಮನೆಯ ಹೆಂಗಸರಿಗೆ ಮೊದಲೇ ಹೇಳಿಬಿಡಿ: 2023ರಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಎಸಿ ಬಸ್ಸುಗಳಿಗೆ ಇಲ್ಲ. ವಾಯು ವಜ್ರಕ್ಕೆ ದುಡ್ಡು ಕೊಡಲೇಬೇಕು.

ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿ, ಹೆಬ್ಬಾಳ ದಾಟಿ, ಮೇಖ್ರಿ ಸರ್ಕಲ್‌ಗೆ ಬರ್ತೀರಿ. ಅಲ್ಲಿ ಹತ್ತಿರದಲ್ಲೇ ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಇದೆ. ಯಲಹಂಕದ ಪ್ರಭು ಬೆಂಗಳೂರು ಪೇಟೆ ಕಟ್ಟೋಕೆ ಬಂದ ದಿಕ್ಕಿನಲ್ಲೇ ನಮ್ಮ ಬಸ್ಸೂ ಬರುತ್ತೆ.

ಮಲ್ಲೇಶ್ವರದವರಿಗೆ ಎರಡು ದಾರಿ. 18ನೇ ಕ್ರಾಸ್ ಕಡೆಯವರು ಮೇಖ್ರಿ ಸರ್ಕಲ್‌ನಲ್ಲೇ ಇಳಿದು ಸದಾಶಿವನಗರ, ಸ್ಯಾಂಕಿ ಕೆರೆ ಮೇಲೆ ಆಟೋ ಹಿಡಿಯೋದು ವಾಸಿ. ಸಂಪಿಗೆ ರಸ್ತೆಯ ಕೆಳಗಿನ ತುದಿಯವರು ಮೆಜೆಸ್ಟಿಕ್ಕಿಗೇ ಬಂದು ಹಸಿರು ಮಾರ್ಗ ಹತ್ತಿದರೆ, ಮುಂದಿನ ಸ್ಟೇಷನ್ನೇ ಮಂತ್ರಿ ಸ್ಕ್ವೇರ್ ಸಂಪಿಗೆ ರೋಡ್.

ಚಾಮರಾಜಪೇಟೆ, ಬಸವನಗುಡಿಯವರು ಅದೇ ಹಸಿರು ಮಾರ್ಗದಲ್ಲಿ ಎದುರು ದಿಕ್ಕಿಗೆ ಹತ್ತಬೇಕು. ಚಿಕ್ಕಪೇಟೆ ಆದಮೇಲೆ ಕೆ.ಆರ್. ಮಾರ್ಕೆಟ್. ಹೊರಬಂದರೆ ವಿಕ್ಟೋರಿಯಾ ಆಸ್ಪತ್ರೆ, ಟಿಪ್ಪು ಅರಮನೆಯ ಆಸುಪಾಸು. ಚಾಮರಾಜಪೇಟೆಯ ಮೊದಲ ಮೇನ್‌ಗಳಿಗೆ ಲಗೇಜ್ ಹಗುರ ಇದ್ದರೆ ನಡೆದೇ ಹೋಗಬಹುದು. ಇನ್ನೊಂದು ಸ್ಟೇಷನ್ ಮುಂದೆ ನ್ಯಾಷನಲ್ ಕಾಲೇಜ್. ಅಲ್ಲಿಂದ ಗಾಂಧಿ ಬಜಾರ್ ಕಾಲುಗಂಟೆಯ ನಡಿಗೆ. ಮೆಟ್ರೋ ಟಿಕೆಟ್ಟನ್ನ ಬಸ್ಸಲ್ಲಿ ಕೂತೇ ವಾಟ್ಸ್‌ಆ್ಯಪ್‌ನಲ್ಲಿ ತಗೊಂಡರೆ ಕ್ಯೂ ತಪ್ಪುತ್ತೆ. ಅಳತೆ ಮೀರಿದ ಸೂಟ್‌ಕೇಸಿಗೆ ಬೇರೆ ಶುಲ್ಕ ಇದೆ, ನೆನಪಿರಲಿ.

ಕೆಟ್ಟ ದಿನದ ಲೆಕ್ಕ

ಕಳೆದ ವರ್ಷ ಅಪ್ಪನನ್ನ ಇದ್ದಕ್ಕಿದ್ದ ಹಾಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಸ್ಪತ್ರೆ ಇರೋದು ಸೌತ್ ಎಂಡ್ ಸರ್ಕಲ್ ಹತ್ತಿರ. ನಾನು ಸಿಕ್ಕಿದ ಫ್ಲೈಟ್ ಹತ್ತಿ ಬಂದು ಇಳಿದಾಗ ಸಂಜೆ ಆರು ಗಂಟೆ, ಮೇಲಿಂದ ಮಳೆ. ಕ್ಯಾಬ್ ಆ್ಯಪ್ ತೋರಿಸಿದ್ದು ಎರಡು ಗಂಟೆ ಹತ್ತು ನಿಮಿಷ. ಹೊರಡೋಕೆ ಮುಂಚೆಯೇ ಅದು ಎರಡೂವರೆ ಆಯಿತು. ಎದುರಿಗೆ ಕೆಐಎ-9 ನಿಂತಿತ್ತು, ಹತ್ತಿಬಿಟ್ಟೆ.

ಹೆಬ್ಬಾಳದಲ್ಲಿ ಬಸ್ಸೂ ನಿಂತಿತು. ಬಸ್ಸಿಗೆ ಅಂತ ಬೇರೆ ಲೇನ್ ಇಲ್ಲವಲ್ಲ, ಕಾರು ಸಿಕ್ಕಿಕೊಂಡ ಕಡೆ ಬಸ್ಸೂ ಸಿಕ್ಕಿಕೊಳ್ಳುತ್ತೆ. ಆದರೆ ಮೆಜೆಸ್ಟಿಕ್ ತಲುಪಿದ ಮೇಲೆ ಲೆಕ್ಕ ಬದಲಾಯಿತು. ಮೇಲೆ ಚಿಕ್ಕಪೇಟೆ, ಅವೆನ್ಯೂ ರೋಡ್, ಮಾರ್ಕೆಟ್ ಎಲ್ಲ ನೀರಲ್ಲಿ ನಿಂತಿದ್ದಾಗ, ಅದರ ಕೆಳಗೇ ಮೆಟ್ರೋ ತನ್ನ ಪಾಡಿಗೆ ಓಡ್ತಿತ್ತು. 'ಇನ್ನು ಕಾಲುಗಂಟೆಗೆ ಬರ್ತೀನಿ' ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಕಾಲುಗಂಟೆಗೇ ಹೋದೆ. ಆವತ್ತು ಅಮ್ಮನಿಗೆ ಬೇಕಾಗಿದ್ದದ್ದು ಆ ಒಂದು ಖಾತ್ರಿ ಮಾತು. ಅಪ್ಪ ನಾಲ್ಕು ದಿನಕ್ಕೆ ಮನೆಗೆ ಬಂದರು.

ನಮ್ಮ ಕೆಲಸದಲ್ಲಿ ಒಂದು ಪಾಠ ಬೇಗ ಬರುತ್ತೆ: ಸಿಸ್ಟಮ್ಮನ್ನ ಸರಾಸರಿ ದಿನಕ್ಕೆ ಕಟ್ಟಬಾರದು, ಕೆಟ್ಟ ದಿನಕ್ಕೆ ಕಟ್ಟಬೇಕು. ಒಳ್ಳೇ ದಿನ ಕ್ಯಾಬೇ ಬೇಗ ಹೋಗುತ್ತೆ, ಒಪ್ಪಿದೆ. ಕೆಟ್ಟ ದಿನ ಕೊನೆಯ ಐದು ಕಿಲೋಮೀಟರಿಗೆ ಎಷ್ಟು ಹೊತ್ತು ಅಂತ ಖಾತ್ರಿಯಾಗಿ ಹೇಳೋಕೆ ಆಗೋದು ಮೆಟ್ರೋದಲ್ಲಿ ಬರೋರಿಗೆ ಮಾತ್ರ. ಈ ಸುರಂಗದ ಭಾಗ ಶುರುವಾದದ್ದು 2017ರ ಜೂನ್‌ನಲ್ಲಿ. ಹಳೇ ಬೆಂಗಳೂರಿಗೆ ಏರ್‌ಪೋರ್ಟ್ ನಿಜವಾಗಿ ಹತ್ತಿರವಾದದ್ದು ಆವಾಗಲೇ.

ಅಮ್ಮ ಹೋಗ್ತಾರಾ?

ನಮ್ಮ ಬಡಾವಣೆಗಳಲ್ಲಿ ಈಗ ಎಷ್ಟೋ ಮನೆಗಳಲ್ಲಿ ಇಬ್ಬರೇ ಇರೋದು, ಇಬ್ಬರೂ ಅರವತ್ತು ದಾಟಿದವರು. ಮಕ್ಕಳು ವೈಟ್‌ಫೀಲ್ಡ್‌ನಲ್ಲೋ ಡಲ್ಲಾಸ್‌ನಲ್ಲೋ. ಹಾಗಾಗಿ ಈ ದಾರಿ ಚೆನ್ನಾಗಿದೆಯಾ ಅಂತ ತೀರ್ಮಾನಿಸಬೇಕಾದ್ದು ಬ್ಯಾಕ್‌ಪ್ಯಾಕ್ ಹಾಕಿಕೊಂಡ ನಾವಲ್ಲ, ಅವರು.

ಅಮ್ಮ ಪುಣೆಗೆ ಚಿಕ್ಕಮ್ಮನ ಮನೆಗೆ ಹೊರಟಾಗ ಬಸ್ಸಲ್ಲೇ ಹೋಗ್ತೀನಿ ಅಂದರು. ಜೊತೆಗೆ ನಾನೂ ಹೋದೆ. ಬಸ್ಸಿನ ಬಗ್ಗೆ ಅವರ ದೂರು ಒಂದೂ ಇಲ್ಲ. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಹೋಗೋ ಫುಟ್‌ಪಾತಿನ ಬಗ್ಗೆ ಮಾತ್ರ ಇಡೀ ದಾರಿ ಮಾತಾಡಿದರು. 'ಚಕ್ರ ಇರೋ ಸೂಟ್‌ಕೇಸ್ ಕೊಡಿಸಿದೆ, ಸರಿ. ಅದು ಉರುಳೋ ನೆಲ ಎಲ್ಲಿದೆಯೇ?' ಅಂದರು. ಮೆಜೆಸ್ಟಿಕ್‌ನಲ್ಲಿ ಮೆಟ್ರೋದಿಂದ ಬಸ್ಸಿನವರೆಗೆ ಯಾವ ಕಡೆ ಹೋಗಬೇಕು, ಲಿಫ್ಟ್ ಎಲ್ಲಿದೆ ಅಂತ ಮೂರು ಜನರನ್ನ ಕೇಳಿದೆವು.

ಇದರಲ್ಲಿ ಒಂದು ವ್ಯಂಗ್ಯ ಇದೆ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ಸುಮಾರಿಗೆ. ಊರಲ್ಲಿ ಕಾರುಗಳು ತುಂಬೋಕೆ ಎಷ್ಟೋ ಮೊದಲು, ನಡೆದು ಓಡಾಡೋ ಜನಕ್ಕೆ ಅಂತ ಗೆರೆ ಎಳೆದು ಕಟ್ಟಿದ ಬೀದಿಗಳು ಇವು. ಸ್ಟೇಷನ್ನಿಂದ ಮನೆಗೆ ನಡೆದು ಹೋಗಬಹುದು ಅನ್ನೋ ಭಾಗ್ಯ ಊರ ಹೊರಗಿನ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಇಲ್ಲ, ನಮಗಿದೆ. ನಡೆಯೋ ಜಾಗದಲ್ಲಿ ಸ್ಕೂಟರ್ ನಿಲ್ಲಿಸಿ, ಕಲ್ಲು ಕಿತ್ತು ಬಿಟ್ಟಿದ್ದೀವಿ, ಅಷ್ಟೇ.

ನೀಲಿ ಮಾರ್ಗ ಬಂದರೆ?

'ಏರ್‌ಪೋರ್ಟಿಗೇ ಮೆಟ್ರೋ ಬರ್ತಿದೆಯಲ್ಲ' ಅಂತೀರಾ? ಬರ್ತಿದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ನೀಲಿ ಮಾರ್ಗದ ಕೆಲಸ ನಡೀತಿದೆ. ಸುಮಾರು 58 ಕಿಲೋಮೀಟರ್ ಉದ್ದ. ಆದರೆ ಅದು ಹೊರಡೋದು ಸೆಂಟ್ರಲ್ ಸಿಲ್ಕ್ ಬೋರ್ಡ್‌ನಿಂದ. ಹೊರವರ್ತುಲ ರಸ್ತೆ ಹಿಡಿದು ಕೆ.ಆರ್. ಪುರ, ನಾಗವಾರ, ಹೆಬ್ಬಾಳ ಮೇಲೆ ಏರ್‌ಪೋರ್ಟ್ ಸೇರುತ್ತೆ. ಮೆಜೆಸ್ಟಿಕ್ ಕಡೆ ಬರೋದೇ ಇಲ್ಲ.

ಬಸವನಗುಡಿಯಿಂದ ಅದನ್ನ ಹಿಡಿಯೋದು ಹೇಗೆ? ಹಸಿರು ಮಾರ್ಗದಲ್ಲಿ ಆರ್.ವಿ. ರೋಡ್, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಸಿಲ್ಕ್ ಬೋರ್ಡ್, ಅಲ್ಲಿಂದ ಆ 58 ಕಿಲೋಮೀಟರ್ ಪೂರ್ತಿ. ಇಲ್ಲವಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ, ಎಂ.ಜಿ. ರೋಡ್‌ನಲ್ಲಿ ಗುಲಾಬಿ, ನಾಗವಾರದಲ್ಲಿ ನೀಲಿ: ನಾಲ್ಕು ಬಣ್ಣ, ಮೂರು ಸಲ ಇಳಿದು ಹತ್ತೋದು, ಅದೂ ಸೂಟ್‌ಕೇಸ್ ಜೊತೆ. ಉತ್ತರಕ್ಕಿರೋ ಏರ್‌ಪೋರ್ಟಿಗೆ ದಕ್ಷಿಣಕ್ಕೋ ಪೂರ್ವಕ್ಕೋ ಹೋಗಿ ತಿರುಗಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ.

ನೀಲಿ ಮಾರ್ಗ ಬೇಡ ಅಂತ ಹೇಳ್ತಿಲ್ಲ. ಹೊರವರ್ತುಲ ರಸ್ತೆಯಲ್ಲಿ ದಿನಾ ಕೂತು ಬೇಯೋ ಸ್ನೇಹಿತರು ನನಗೂ ಇದ್ದಾರೆ. ಅದು ಮಕ್ಕಳ ಆಫೀಸುಗಳನ್ನ ಏರ್‌ಪೋರ್ಟಿಗೆ ಜೋಡಿಸುತ್ತೆ. ಅಪ್ಪ ಅಮ್ಮನ ಮನೆಗಳನ್ನ ಜೋಡಿಸೋ ಮಾರ್ಗ ಬೇರೆಯೇ ಇದೆ.

ಸಂಪಿಗೆ ಅರಳೋದು ಯಾವಾಗ?

ಆ ಮಾರ್ಗದ ಹೆಸರು ಸಂಪಿಗೆ. ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಒಟ್ಟು 148 ಕಿಲೋಮೀಟರ್, ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಸಂಪಿಗೆ ಮೆಜೆಸ್ಟಿಕ್ ಪಕ್ಕದ ಕೆಎಸ್‌ಆರ್ ನಿಲ್ದಾಣದಿಂದ ಹೊರಟು ಮಲ್ಲೇಶ್ವರ, ಯಶವಂತಪುರ, ಯಲಹಂಕ ಮೇಲೆ ಏರ್‌ಪೋರ್ಟ್ ಮುಟ್ಟಿ ದೇವನಹಳ್ಳಿಗೆ ಹೋಗೋ 41 ಕಿಲೋಮೀಟರ್. ಹೆಬ್ಬಾಳದ ಜಾಮಿನ ಗೊಡವೆಯೇ ಇಲ್ಲ. ನಮಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಕೆಲಸ ಮೊದಲು ಶುರುವಾದದ್ದು ಮಲ್ಲಿಗೆಯಲ್ಲಿ. ಸಂಪಿಗೆಗೆ ಕಾಯುತ್ತಲೇ ಇದ್ದೀವಿ.

ಇದು ಬರೀ ಕನಸಲ್ಲ ಅನ್ನೋಕೆ ಸಾಕ್ಷಿ ನೆಲದ ಮೇಲೇ ಇದೆ. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲೇ ಸಣ್ಣ ಗೇಜಿನ ರೈಲು ಓಡ್ತಿತ್ತು. ಈಗಿನ ಹಳಿ ಏರ್‌ಪೋರ್ಟಿನ ಅಂಚಿನಲ್ಲೇ ಹೋಗುತ್ತೆ. 2021ರ ಜನವರಿಯಲ್ಲಿ ಅಲ್ಲಿ ಒಂದು ಹಾಲ್ಟ್ ಸ್ಟೇಷನ್ನೂ ಶುರುವಾಯಿತು. ಟಿಕೆಟ್ಟು ಹೆಚ್ಚುಕಮ್ಮಿ ಒಂದು ಕಾಫಿಯ ಬೆಲೆ. ಆದರೆ ರೈಲುಗಳು ಬೆರಳೆಣಿಕೆ. ನಿಮ್ಮ ಫ್ಲೈಟಿನ ಹೊತ್ತಿಗೆ ರೈಲು ಇರೋದು ಅದೃಷ್ಟ. ರೈಲು ಕಮ್ಮಿ ಅಂತ ಜನ ಬರಲ್ಲ, ಜನ ಬರಲ್ಲ ಅಂತ ರೈಲು ಕಮ್ಮಿ. ಈ ಗಂಟು ಬಿಡಿಸಬೇಕಾದ್ದು ರೈಲು ಓಡಿಸೋರು.

ಅಲ್ಲಿವರೆಗೆ

ಸಂಪಿಗೆ ಬರೋವರೆಗೆ ನಮಗಿರೋದು ಮೆಜೆಸ್ಟಿಕ್ಕೇ. ಅಲ್ಲಿ ಬೇಕಾಗಿರೋದು ದೊಡ್ಡದೇನಲ್ಲ. ಮೆಟ್ರೋದಿಂದ ವಾಯು ವಜ್ರದವರೆಗೆ ದೊಡ್ಡ ಕನ್ನಡ ಅಕ್ಷರದ ಬಾಣದ ಗುರುತುಗಳು, ಸೂಟ್‌ಕೇಸ್ ಎಳೆಯೋ ಸಮನಾದ ನೆಲ, ಕೆಲಸ ಮಾಡೋ ಲಿಫ್ಟು, ನ್ಯಾಷನಲ್ ಕಾಲೇಜ್ ಸ್ಟೇಷನ್ನಿಂದ ಗಾಂಧಿ ಬಜಾರಿನವರೆಗೆ ಮುರಿಯದ ಫುಟ್‌ಪಾತು. ನಿಮ್ಮ ವಾರ್ಡಿನಲ್ಲಿ ಮತ ಕೇಳೋಕೆ ಬಂದವರ ಹತ್ರ ಈ ನಾಲ್ಕನ್ನ ಕೇಳಿ. ಸುರಂಗಕ್ಕೆ ಸಾವಿರಾರು ಕೋಟಿ ಹೊಂದಿಸಿದ ಊರಿಗೆ ಇದು ಭಾರವಲ್ಲ.

ಬಸ್ಸು ಬೇಡದ ಸಮಯವೂ ಇದೆ. ಮೆಟ್ರೋ ರಾತ್ರಿ ಹನ್ನೊಂದು, ಹನ್ನೊಂದೂವರೆ ಹೊತ್ತಿಗೆ ಮುಗಿಯುತ್ತೆ. ಹತ್ತರ ಮೇಲೆ ವಿಮಾನ ಇಳಿದರೆ ನಾನು ಒಬ್ಬಳೇ ಮೆಜೆಸ್ಟಿಕ್ ಕಡೆ ಬರಲ್ಲ, ಟ್ಯಾಕ್ಸಿ ಹಿಡೀತೀನಿ. ಬೆಳಗಿನ ಜಾವದ ಫ್ಲೈಟಿಗೂ ಹಾಗೇ. ಮೂರು ದೊಡ್ಡ ಸೂಟ್‌ಕೇಸ್, ಜೊತೆಗೆ ಪುಟ್ಟ ಮಗು ಇದ್ದರೂ ಟ್ಯಾಕ್ಸಿಯೇ ಸರಿ.

ಉಳಿದಂತೆ, ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರ ಒಳಗೆ ಇಳಿಯೋರು, ಒಂದು ಕ್ಯಾಬಿನ್ ಬ್ಯಾಗ್ ಇರೋರು ಒಮ್ಮೆ ಹತ್ತಿ ನೋಡಿ. ಮನೆಯಲ್ಲಿ ಅಪ್ಪ ಅಮ್ಮ ಇದ್ದರೆ ಇನ್ನೊಂದು ಕೆಲಸ ಮಾಡಿ. ಯಾವ ಅರ್ಜೆಂಟೂ ಇಲ್ಲದ ಒಂದು ಭಾನುವಾರ ಅವರನ್ನ ಏರ್‌ಪೋರ್ಟಿನವರೆಗೆ ಕರಕೊಂಡು ಹೋಗಿ, ಅಲ್ಲೊಂದು ಕಾಫಿ ಕುಡಿಸಿ, ವಾಪಸ್ ಕರಕೊಂಡು ಬನ್ನಿ. ಎಲ್ಲಿ ಹತ್ತೋದು, ಎಲ್ಲಿ ಇಳಿಯೋದು ಅಂತ ಕಾಲಿಗೆ ಒಮ್ಮೆ ಗೊತ್ತಾದರೆ ಸಾಕು. ಆಮೇಲೆ ಅವರು ನಿಮ್ಮನ್ನ ಕೇಳೋದೇ ಇಲ್ಲ, ಹೊರಟುಬಿಡ್ತಾರೆ.