ಮನೆ ಹೆರಿಗೆಯ ಆಸೆ, ಮುಲುಂಡಿನ ಟ್ರಾಫಿಕ್ಕು

ಮನೆಯಲ್ಲೇ ಹೆರಿಗೆ ಆಗಲಿ ಅನ್ನಿಸುತ್ತಿದೆಯಾ? ಆ ಆಸೆಗೆ ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47ರಷ್ಟು ಸಿಸೇರಿಯನ್. ಹೆದರಿಕೆ ಸುಳ್ಳಲ್ಲ ಬಿಡಿ.

ಪಾವಗಡದ ಸೂಲಗಿತ್ತಿ ನರಸಮ್ಮನವರನ್ನೂ ನೆನೆಯುತ್ತೀರಿ. ಸಾವಿರಾರು ಹೆರಿಗೆ ಮಾಡಿಸಿದ ತಾಯಿ, 2018ರಲ್ಲಿ ಪದ್ಮಶ್ರೀ, ಅದೇ ವರ್ಷ ತೀರಿಕೊಂಡರು. ಅಂಥ ಪಳಗಿದ ಕೈ ಮುಂಬಯಿಯ ಮುಲುಂಡಿನ ಏಳನೇ ಮಹಡಿಯ ಮನೆಯಲ್ಲಿ ಎಲ್ಲಿ ಸಿಗಬೇಕು?

ಸಿಕ್ಕರೂ, ಹೆರಿಗೆಯಾದ ಮೇಲಿನ ರಕ್ತಸ್ರಾವ ಹೇಳಿಕೇಳಿ ಬರುವುದಿಲ್ಲ. ಒಂಬತ್ತು ತಿಂಗಳೂ ಎಲ್ಲ ಸರಿಯಿದ್ದವರಿಗೂ ಆಗಬಹುದು. ಮಗು ಹುಟ್ಟಿದ ಕೂಡಲೇ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಅಪಾಯ ತಗ್ಗಿಸುತ್ತದೆ. ಅದಕ್ಕೂ ನಿಲ್ಲದಿದ್ದರೆ ರಕ್ತ ಬೇಕು, ಆಪರೇಷನ್ ಥಿಯೇಟರ್ ಬೇಕು. ಸಂಜೆ ಏಳಕ್ಕೆ ಎಲ್‌ಬಿಎಸ್ ರೋಡಿನಲ್ಲಿ ಆಂಬುಲೆನ್ಸ್ ಹೇಗೆ ಹೋಗುತ್ತದೆ, ನಿಮಗೇ ಗೊತ್ತು.

ನನ್ನನ್ನು ಕೇಳಿದರೆ, ಸಹಜ ಹೆರಿಗೆಯನ್ನು ಆಸ್ಪತ್ರೆಯಲ್ಲೇ ಹಟ ಹಿಡಿದು ಕೇಳಿ. ನೋವು ಬರುವಾಗ ಓಡಾಡಬಹುದಾ? ಅಮ್ಮನೋ ಗಂಡನೋ ಪಕ್ಕದಲ್ಲಿರಬಹುದಾ? ಹಾಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಇಲ್ಲಿ ಸಿಸೇರಿಯನ್ ಎಷ್ಟು ಎಂದೂ ಕೇಳಿ. ಉತ್ತರ ತಡವರಿಸಿದರೆ ಬೇಗನೆ ಬೇರೆ ಡಾಕ್ಟರನ್ನು ನೋಡಿ.

ಅಕಸ್ಮಾತ್ ಮನೆಯಲ್ಲೇ ಆಗಿಹೋಯಿತಾ? ತಾಯಿ-ಮಗು ಇಬ್ಬರನ್ನೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆಮೇಲೆ 21 ದಿನದೊಳಗೆ ಜನನ ನೋಂದಣಿ ಮಾಡಿಸಿ.