ಸೂಜಿಮೆತ್ತೆ: ಬಿಡಾರದಲ್ಲಿಯೇ ಹೊಲಿದುಕೊಳ್ಳುವ ಬಗೆ

ಇಂದ್ರಕೀಲಾದ್ರಿಯ ತಪ್ಪಲಿನಲ್ಲಿಯೂ ವಿಶಾಖಪಟ್ಟಣದ ಕಡಲತಡಿಯಲ್ಲಿಯೂ ನೆಲೆಸಿರುವ ನಮ್ಮ ಹೋಟೆಲು ಕೆಲಸಗಾರ ಬಂಧುಗಳ ಹಾಗೂ ಗುಮಾಸ್ತ ಮಿತ್ರರ ಬಿಡಾರಗಳನ್ನು ಹೊಕ್ಕು ನೋಡಿದರೆ, ಒಂದು ಟ್ರಂಕು, ಒಂದು ಚಾಪೆ, ಮೊಳೆಗೆ ತೂಗುಹಾಕಿದ ಎರಡು ಅಂಗಿ, ಊರದೇವರ ಒಂದು ಪಟ, ಇವು ತಪ್ಪದೆ ಕಾಣುತ್ತವೆ. ‘ಸೂಜಿ ಎಲ್ಲಿದೆ?’ ಎಂದು ಕೇಳಿದರೆ ಮಾತ್ರ ಉತ್ತರ ಬರುವುದು ತಡವಾಗುತ್ತದೆ. ಒಬ್ಬರ ಸೂಜಿ ಕ್ಯಾಲೆಂಡರಿನ ಮೂಲೆಗೆ ಚುಚ್ಚಿರುತ್ತದೆ. ಇನ್ನೊಬ್ಬರದು ತಲೆದಿಂಬಿನ ಅಂಚಿನಲ್ಲಿರುತ್ತದೆ. ಮತ್ತೊಬ್ಬರದು ತೊಟ್ಟ ಅಂಗಿಯ ಕಾಲರಿನ ಹಿಂದೆಯೇ ಇರುತ್ತದೆ. ಈ ಮೂರರಲ್ಲಿ ಒಂದೂ ಸೂಜಿಗೆ ತಕ್ಕ ಸ್ಥಳವಲ್ಲ. ಸೂಜಿಗೆ ತಕ್ಕ ಸ್ಥಳ ಸೂಜಿಮೆತ್ತೆ. ಅದನ್ನು ಹೊಲಿದುಕೊಳ್ಳುವ ಬಗೆಯನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ.

ಇಷ್ಟು ಚಿಕ್ಕ ವಿಷಯಕ್ಕೆ ಪತ್ರಿಕೆಯ ಇಷ್ಟು ಜಾಗ ಏಕೆಂದು ಕೇಳುವವರಿರಬಹುದು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಪೂರಿಯ ಹಿಟ್ಟು ನಾದುತ್ತಿದ್ದ ಹುಡುಗನೊಬ್ಬನು ಗುಂಡಿ ಕಿತ್ತುಹೋಗಿದ್ದ ಅಂಗಿಗೆ ಗುಂಡುಸೂಜಿ ಸಿಕ್ಕಿಸಿಕೊಂಡಿದ್ದನು. ನಾದಿ ಮುಗಿಸಿ ನೋಡಿಕೊಂಡಾಗ ಸೂಜಿ ಎದೆಯ ಮೇಲಿರಲಿಲ್ಲ. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ಗಲ್ಲದ ಬಳಿಗೆ ಓಡಿಬಂದು, ‘ಧಣಿಗಳೇ, ಪಿನ್ನು ಕಾಣುವುದಿಲ್ಲ’ ಎಂದನು. ಆ ಬೆಳಗಿನ ಹಿಟ್ಟನ್ನೆಲ್ಲ ಹೊರಗೆ ಚೆಲ್ಲಿಸಿ, ‘ಈ ಹೊತ್ತು ಪೂರಿ ಇಲ್ಲ’ ಎಂದು ಹಲಗೆಯ ಮೇಲೆ ಬರೆಸಿದೆವು. ಸಂಜೆ ಗುಡಿಸುವಾಗ ಸೂಜಿಯು ಮಣೆಯ ಕೆಳಗೆ ಸಿಕ್ಕಿತು. ಹಿಟ್ಟು ವ್ಯರ್ಥವಾಯಿತೆಂದು ಅಡಿಗೆಮನೆಯಲ್ಲಿ ಯಾರೂ ಹೇಳಲಿಲ್ಲ. ಅದು ಯಾವುದೋ ಮಗುವಿನ ಗಂಟಲಿಗೆ ಇಳಿದಿದ್ದರೆ ಆಗುವ ಅನಾಹುತವನ್ನು ಎಲ್ಲರೂ ಮನಸ್ಸಿನಲ್ಲಿಯೇ ಕಂಡಿದ್ದರು. ಆ ಹುಡುಗನ ಪ್ರಾಮಾಣಿಕತೆ ದೊಡ್ಡದು. ಆದರೆ ಒಂದು ಗುಂಡಿ, ಒಂದು ಮೊಳ ದಾರ, ಕೈಗೆ ಸಿಗುವ ಒಂದು ಸೂಜಿ ಇದ್ದಿದ್ದರೆ ಆ ಪ್ರಾಮಾಣಿಕತೆಗೆ ಪರೀಕ್ಷೆಯೇ ಬರುತ್ತಿರಲಿಲ್ಲ.

ಕಾನೂನು ಕೂಡ ಈ ವಿಷಯದಲ್ಲಿ ಮೃದುವಾಗಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯ 54ನೆಯ ಕಲಮಿನ ಪ್ರಕಾರ, ಆಹಾರದಲ್ಲಿ ಹೊರಗಿನ ವಸ್ತು ಕಂಡುಬಂದರೆ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದಂಡವನ್ನು ಕಟ್ಟುವವನು ಯಜಮಾನನಾದರೂ, ಕೆಲಸ ಕಳೆದುಕೊಳ್ಳುವವನು ಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ.

ಗುಮಾಸ್ತ ಮಿತ್ರರಿಗೂ ಎರಡು ಮಾತು. ಕಾಗದಗಳನ್ನು ಜೋಡಿಸುವಾಗ ನಾಲ್ಕಾರು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವ ಅಭ್ಯಾಸ ಕಚೇರಿಗಳಲ್ಲಿ ಹಳೆಯದು. ಒಂದು ಸೀನು ಬಂದರೆ ಸಾಕು, ಸೂಜಿ ಒಳಗೆ ಹೋಗುತ್ತದೆ. ಹೊಟ್ಟೆಗೆ ಹೋಗದೆ ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಮೇಜಿನ ಮೇಲೊಂದು ಮೆತ್ತೆಯಿದ್ದರೆ ಈ ಅಭ್ಯಾಸ ತಾನಾಗಿಯೇ ಬಿಟ್ಟುಹೋಗುತ್ತದೆ.

ಸೂಜಿ ಅಗ್ಗದ ವಸ್ತುವಾದದ್ದರಿಂದಲೇ ನಮಗೆ ಅದರ ಮೇಲೆ ಅಲಕ್ಷ್ಯ ಬಂದಿದೆ. ಅದು ಅಗ್ಗವಾದ ಕಥೆಯನ್ನು ಹೋಟೆಲಿನವರು ತಿಳಿದಿರುವುದು ಒಳ್ಳೆಯದು. 1776ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ತನ್ನ ಪ್ರಸಿದ್ಧ ಗ್ರಂಥದ ಮೊದಲಲ್ಲಿಯೇ ಆಡಂ ಸ್ಮಿತ್ತನು ಗುಂಡುಸೂಜಿಯ ಕಾರ್ಖಾನೆಯೊಂದನ್ನು ವರ್ಣಿಸಿದ್ದಾನೆ. ಒಬ್ಬನು ತಂತಿಯನ್ನು ಎಳೆಯುತ್ತಾನೆ, ಒಬ್ಬನು ನೆಟ್ಟಗೆ ಮಾಡುತ್ತಾನೆ, ಒಬ್ಬನು ಕತ್ತರಿಸುತ್ತಾನೆ, ಒಬ್ಬನು ಮೊನೆ ಹರಿತ ಮಾಡುತ್ತಾನೆ. ಹೀಗೆ ಸುಮಾರು 18 ಕೆಲಸಗಳು. ಹತ್ತು ಜನರು ಹೀಗೆ ಹಂಚಿಕೊಂಡು ದಿನಕ್ಕೆ 48,000ಕ್ಕೂ ಹೆಚ್ಚು ಸೂಜಿಗಳನ್ನು ಮಾಡುತ್ತಿದ್ದರೆಂದೂ, ಒಬ್ಬೊಬ್ಬನೇ ಎಲ್ಲವನ್ನೂ ಮಾಡಹೊರಟರೆ ದಿನಕ್ಕೆ 20 ಕೂಡ ಆಗಲಾರದೆಂದೂ ಅವನು ಬರೆದನು. ದೋಸೆಯವನು ದೋಸೆಗೆ, ಕಾಫಿಯವನು ಕಾಫಿಗೆ, ಸಪ್ಲೈಯವನು ಸಪ್ಲೈಗೆ ಎಂದು ನಡೆಯುವ ನಮ್ಮ ಅಡಿಗೆಮನೆಯ ನ್ಯಾಯವೂ ಇದೇ ಅಲ್ಲವೆ? ಮಡಿಚಿ ಮುಚ್ಚುವ ಸೇಫ್ಟಿ ಪಿನ್ನಿಗೆ ಅಮೆರಿಕದ ವಾಲ್ಟರ್ ಹಂಟ್ ಎಂಬಾತನು ಹಕ್ಕುಪತ್ರ ಪಡೆದದ್ದು 1849ರಲ್ಲಿ.

ಹೊಲಿಗೆಯು ಹೆಂಗಸರ ಕೆಲಸವೆಂದು ಮೂಗು ಮುರಿಯುವ ತರುಣರಿಗೆ ನಾವು ಕೇಳುವುದು ಇಷ್ಟೆ. ರುಬ್ಬುವುದು, ಬೇಯಿಸುವುದು, ಪಾತ್ರೆ ತಿಕ್ಕುವುದು ಇವು ಕೂಡ ಊರಿನಲ್ಲಿದ್ದಾಗ ಹೆಂಗಸರ ಕೆಲಸಗಳೆಂದೇ ನಾವು ಹೇಳುತ್ತಿರಲಿಲ್ಲವೆ? ಅವೇ ಇಂದು ನಮಗೆ ಅನ್ನವಿಕ್ಕಿವೆ. ಊರಿಗೆ ಕಳುಹಿಸುವ ಹಣವೂ ಅವುಗಳಿಂದಲೇ ಹುಟ್ಟುತ್ತಿದೆ. ಕನ್ನಡನಾಡಿನ ಹೊಲಿಗೆಯೂ ಹಗುರವಾಗಿ ಕಾಣತಕ್ಕದ್ದಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಗಳಿವೆ. ಗವಂತಿಯಲ್ಲಿ ಗಂಟು ಕಾಣಿಸದಂತೆ, ಬಟ್ಟೆಯ ಎರಡು ಮಗ್ಗುಲೂ ಒಂದೇ ರೀತಿ ತೋರುವಂತೆ ಎಳೆಯೆಣಿಸಿ ಹೊಲಿಯುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಸೇರಿಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಜನರ ಹೆಣ್ಣುಮಕ್ಕಳ ಕೌದಿಗಳು ಇಂದು ದೂರದೇಶಗಳಲ್ಲಿಯೂ ಮೆಚ್ಚುಗೆ ಪಡೆದಿವೆ. ಸವೆದ ಬಟ್ಟೆಯನ್ನು ಎಸೆಯದೆ ಅದರಿಂದ ಇನ್ನೊಂದು ಉಪಯುಕ್ತ ವಸ್ತುವನ್ನು ಮಾಡುವುದೇ ಕೌದಿಯ ಧರ್ಮ. ಸೂಜಿಮೆತ್ತೆಯು ಅಂಗೈಯಗಲದ ಕೌದಿಯೆಂದೇ ತಿಳಿಯಬಹುದು.

ಇನ್ನು ಬೇಕಾದ ಸಾಮಗ್ರಿ. ನೇಯ್ಗೆ ಒತ್ತಾಗಿರುವ ಹಳೆಯ ಬಟ್ಟೆ, 10 ಅಂಗುಲ ಉದ್ದ, 5 ಅಂಗುಲ ಅಗಲ. ಹಳೆಯ ಅಂಗಿಯ ಬೆನ್ನಿನ ಭಾಗ ಸಾಕು. ಊರಿನಿಂದ ಬರುವಾಗ ತಾಯಿಯ ಹಳೆಯ ಸೀರೆಯ ತುಂಡನ್ನು ತಂದವರಿದ್ದರೆ ಅದಕ್ಕಿಂತ ಶ್ರೇಷ್ಠವಾದುದಿಲ್ಲ. ಒಂದು ಸಾಧಾರಣ ಸೂಜಿ. ಅಂಗಡಿಯಲ್ಲಿ ಕೊಳ್ಳುವಾಗ ಸಂಖ್ಯೆ ದೊಡ್ಡದಾದಷ್ಟೂ ಸೂಜಿ ಸಣ್ಣದೆಂಬುದು ನೆನಪಿರಲಿ. ಹೊಲಿಗೆಯ ದಾರ, ಎರಡು ಗಜ ದಪ್ಪ ದಾರ, ಎರಡು ಗುಂಡಿ. ಗೋಣಿಚೀಲ ಹೊಲಿಯುವ ಸಣ್ಣ ದಬ್ಬಳವೊಂದು ಬೇಕು. ಅದು ಹೋಟೆಲಿನ ಉಗ್ರಾಣದಲ್ಲಿಯೇ ಇರುತ್ತದೆ. ಭಾಷೆಯ ತೊಡಕೂ ಹೆಚ್ಚಿಲ್ಲ. ತೆಲುಗಿನಲ್ಲಿ ಸೂಜಿಗೆ ‘ಸೂದಿ’, ದಾರಕ್ಕೆ ‘ದಾರಂ’, ಗುಂಡಿಗೆ ‘ಗುಂಡೀ’.

ಒಳಗೆ ತುಂಬುವ ವಸ್ತುವನ್ನು ಆರಿಸುವುದೇ ಮುಖ್ಯ. ಕೃಷ್ಣೆಯ ದಡದ ಸೆಕೆಗೂ ವಿಶಾಖಪಟ್ಟಣದ ಉಪ್ಪುಗಾಳಿಗೂ ಕಬ್ಬಿಣವು ಬಹುಬೇಗ ತುಕ್ಕು ಹಿಡಿಯುತ್ತದೆ. ಹತ್ತಿಯು ತೇವವನ್ನು ಹೀರಿ ಇಟ್ಟುಕೊಳ್ಳುವುದರಿಂದ ಹತ್ತಿಯೊಂದನ್ನೇ ತುಂಬುವುದು ಸರಿಯಲ್ಲ. ಕುರಿಯ ಉಣ್ಣೆ ಉತ್ತಮ. ಅದರಲ್ಲಿ ಸಹಜವಾಗಿರುವ ಜಿಡ್ಡು ಸೂಜಿಗೆ ತೆಳುವಾಗಿ ಹತ್ತಿ ತುಕ್ಕನ್ನು ತಡೆಯುತ್ತದೆ. ನಮ್ಮ ಕಡೆಯ ಹಳೆಯ ಕರಿಕಂಬಳಿಯ ಅಂಚನ್ನು ಬಿಡಿಸಿ ಎಳೆಗಳನ್ನು ಹಿಂಜಿಕೊಂಡರೆ ಆಯಿತು. ಎರಡನೆಯದು, ಹೋಟೆಲಿನವರಿಗೆ ಬೆಲೆಯಿಲ್ಲದೆ ಸಿಗುವ ಕಾಫಿಯ ಗಸಿ. ಫಿಲ್ಟರಿನಿಂದ ತೆಗೆದ ಗಸಿಯನ್ನು ಮೂರುನಾಲ್ಕು ದಿನ ಬಿಸಿಲಿನಲ್ಲಿ ಹರವಿ, ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿ, ತಣಿಸಿ ಉಪಯೋಗಿಸಬೇಕು. ಚಿಕೋರಿ ಬೆರೆತ ಪುಡಿಯಾದರೆ ಇನ್ನೆರಡು ದಿನ ಹೆಚ್ಚು ಒಣಗಲಿ. ಎಳ್ಳಷ್ಟು ತೇವ ಉಳಿದರೂ ಬೂಸು ಹಿಡಿಯುವುದು ನಿಶ್ಚಯ. ಬಡಗಿಯ ಅಂಗಡಿಯ ಒಣ ಮರದ ಹೊಟ್ಟು ಮೂರನೆಯದು. ಅಕ್ಕಿಯನ್ನಾಗಲಿ ಬೇಳೆಯನ್ನಾಗಲಿ ತುಂಬಬಾರದು; ಹುಳು ಬೀಳುತ್ತದೆ, ಇಲಿಗೂ ಆಹ್ವಾನ ಕೊಟ್ಟಂತಾಗುತ್ತದೆ.

ಹೊಲಿಯುವ ಕ್ರಮ ಹೀಗೆ. ಬಟ್ಟೆಯ ಒಳ್ಳೆಯ ಮಗ್ಗುಲು ಒಳಗಾಗುವಂತೆ ಮಡಿಚಿ, 5 ಅಂಗುಲದ ಎರಡು ಅಂಚುಗಳನ್ನು ಸೇರಿಸಿ, ಅಂಚಿನಿಂದ ಕಾಲು ಅಂಗುಲ ಬಿಟ್ಟು ಒತ್ತಾಗಿ ಹೊಲಿಯಿರಿ. ಎರಡೂ ಕಡೆ ಬಾಯಿಯಿರುವ ಕೊಳವೆಯಾಯಿತು. ಒಂದು ಬಾಯಿಯ ಸುತ್ತಲೂ ಜೋಡಿ ದಾರದಿಂದ ಕಚ್ಚಾ ಹೊಲಿಗೆ ಓಡಿಸಿ, ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ನೆರಿಗೆಗೂಡಿ ಬಾಯಿ ಮುಚ್ಚುತ್ತದೆ. ದಾರವನ್ನು ಎರಡು ಸುತ್ತು ಸುತ್ತಿ ಭದ್ರವಾಗಿ ಗಂಟು ಹಾಕಿರಿ. ಈಗ ಚೀಲವನ್ನು ಒಳಗುಹೊರಗು ಮಾಡಿದರೆ ಗಂಟು ಒಳಗೆ ಹೋಗಿ, ಒಳ್ಳೆಯ ಮಗ್ಗುಲು ಹೊರಗೆ ಬರುತ್ತದೆ.

ಗಸಿಯನ್ನಾಗಲಿ ಹೊಟ್ಟನ್ನಾಗಲಿ ಮೊದಲು ತೆಳುಬಟ್ಟೆಯ ಸಣ್ಣ ಗಂಟಾಗಿ ಕಟ್ಟಿ, ಅದನ್ನು ಚೀಲದ ನಡುವೆ ಇಟ್ಟು, ಸುತ್ತಲೂ ಉಣ್ಣೆಯ ಎಳೆಗಳನ್ನು ಒತ್ತಿ ತುಂಬಿರಿ. ಬೆರಳಿನಿಂದ ಅದುಮಿದರೆ ಕಷ್ಟದಿಂದ ತಗ್ಗಬೇಕು. ಸಡಿಲವಾದರೆ ಸೂಜಿ ನಿಲ್ಲುವುದಿಲ್ಲ. ಮೇಲಿನ ಬಾಯಿಯ ಅಂಚನ್ನು ಒಳಕ್ಕೆ ಮಡಿಚಿ, ಹಿಂದಿನಂತೆಯೇ ಕಚ್ಚಾ ಹೊಲಿಗೆ ಓಡಿಸಿ, ಎಳೆದು ಮುಚ್ಚಿರಿ. ಬಳಿಕ ದಪ್ಪ ದಾರವನ್ನು ದಬ್ಬಳಕ್ಕೆ ಪೋಣಿಸಿ, ಕೆಳಗಿನ ನಡುವಿನಿಂದ ಚುಚ್ಚಿ ಮೇಲಿನ ನಡುವಿಗೆ ತೆಗೆದು, ಹೊರಮೈಯ ಮೇಲೆ ಇಳಿಸಿ, ಮತ್ತೆ ಕೆಳಗಿನಿಂದ ಚುಚ್ಚಿ ಎಳೆಯಿರಿ. ಹೀಗೆ ಎಂಟು ಸಲ ಸಮವಾದ ಅಂತರದಲ್ಲಿ ಮಾಡಿದರೆ ಮೆತ್ತೆಯು ಎಂಟು ಹೋಳಿನ ಕುಂಬಳಕಾಯಿಯ ಆಕಾರ ತಾಳುತ್ತದೆ. ಮೇಲೊಂದು, ಕೆಳಗೊಂದು ಗುಂಡಿಯನ್ನು ಸೇರಿಸಿ ಹೊಲಿದರೆ ನೆರಿಗೆಗಳೂ ಮುಚ್ಚಿ, ಕೂರಿಸಲು ತಳವೂ ಆಗುತ್ತದೆ. ಕೈ ಪಳಗದವರಿಗೂ ಒಂದು ಮಧ್ಯಾಹ್ನದ ಬಿಡುವು ಸಾಕು.

ಮೊನೆ ಮೊಂಡಾದ ಸೂಜಿಗೆ ಪಶ್ಚಿಮದವರು ಮೆತ್ತೆಯ ಪಕ್ಕದಲ್ಲಿ ಕುರುಂದದ ಪುಡಿ ತುಂಬಿದ ಪುಟ್ಟ ಚೀಲವೊಂದನ್ನು ತೂಗಿಬಿಡುವುದುಂಟು. ಸೂಜಿಯನ್ನು ಅದರಲ್ಲಿ ಹತ್ತು ಸಲ ಚುಚ್ಚಿ ತೆಗೆದರೆ ತುಕ್ಕು ಕಳೆದು ಮೊನೆ ಬರುತ್ತದೆ. ಆ ಕಲ್ಲಿಗೆ ಇಂಗ್ಲಿಷಿನವರು ಇಟ್ಟ ‘ಕೊರಂಡಂ’ ಎಂಬ ಹೆಸರು ದಕ್ಷಿಣ ದೇಶದ ‘ಕುರುಂದ’ ಎಂಬ ಮಾತಿನಿಂದಲೇ ಹೋದದ್ದು. ಮರಳುಕಾಗದದ ತುಂಡಿನ ಮೇಲೆ ಮೊನೆಯನ್ನು ಮೆಲ್ಲನೆ ತಿರುಗಿಸಿ ಉಜ್ಜಿದರೂ ನಮ್ಮ ಕೆಲಸ ನಡೆಯುತ್ತದೆ.

ಮೆತ್ತೆಯಾದ ಮೇಲೆ ಪಾಲಿಸಬೇಕಾದ ನಿಯಮಗಳು ನಾಲ್ಕು. ಅದು ಬಿಡಾರದಲ್ಲಿರಬೇಕು, ಅಡಿಗೆಮನೆಗೆ ಎಂದೂ ಬರಕೂಡದು. ಸೂಜಿಗಳ ಎಣಿಕೆ ತಿಳಿದಿರಬೇಕು. ಎಂಟು ಹೋಳಿಗೆ ಎಂಟೇ ಸೂಜಿಯೆಂದು ಇಟ್ಟುಕೊಂಡರೆ ಒಂದು ಕಳೆದರೂ ಕಣ್ಣಿಗೆ ಬೀಳುತ್ತದೆ. ಹೊಲಿಗೆಸೂಜಿಯನ್ನು ದಾರವಿಲ್ಲದೆ ಚುಚ್ಚಿಡಬಾರದು. ದಾರದ ಬಾಲವಿಲ್ಲದ ಸೂಜಿ ಮೆತ್ತೆಯೊಳಗೆ ಮುಳುಗಿ ಮಾಯವಾಗುತ್ತದೆ. ತುಕ್ಕುಸೂಜಿ ಆಳವಾಗಿ ಚುಚ್ಚಿದರೆ ‘ಇಷ್ಟಕ್ಕೇನು’ ಎಂದು ಸುಮ್ಮನಿರದೆ, ಸಾಬೂನುನೀರಿನಲ್ಲಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವಾಗಿ ಅದೇ ದಿನ ವೈದ್ಯರನ್ನು ಕಾಣಬೇಕು.

ಒಂದು ಬಿಡಾರಕ್ಕೆ ಒಂದು ಮೆತ್ತೆ ಸಾಕು. ಹೊಸದಾಗಿ ಊರಿನಿಂದ ಬಂದ ಹುಡುಗನಿಗೆ ಹಿರಿಯರು ಕಾಫಿ ಬೆರೆಸುವುದನ್ನು ಕಲಿಸುವಂತೆಯೇ ಗುಂಡಿ ಹಚ್ಚುವುದನ್ನೂ ಕಲಿಸಬೇಕು. ಕೇಳಲು ನಾಚಿ, ಹರಿದ ಅಂಗಿಯಲ್ಲಿಯೇ ದಿನ ನೂಕುವ ಹುಡುಗರನ್ನು ನಾವು ಕಂಡಿದ್ದೇವೆ. ತಾಯಿ ದೂರವಿರುವಾಗ ಆ ಅಂಗಿಯನ್ನು ನೋಡುವವರು ಯಾರು? ಪಕ್ಕದ ಚಾಪೆಯ ಅಣ್ಣಂದಿರೇ ಅಲ್ಲವೆ?

ನವರಾತ್ರಿಯಲ್ಲಿ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಗೆ ಬಗೆಬಗೆಯ ಅಲಂಕಾರಗಳು ನಡೆಯುವಾಗ, ಕೆಳಗೆ ನಮ್ಮ ಹೋಟೆಲುಗಳಲ್ಲಿ ಆಯುಧಪೂಜೆಗೆ ದೋಸೆಕಲ್ಲು, ಸಟ್ಟುಗ, ರುಬ್ಬುವ ಯಂತ್ರಗಳು ಕುಂಕುಮ ಹಚ್ಚಿಸಿಕೊಂಡು ಕೂರುತ್ತವೆ. ಕಚೇರಿಗಳಲ್ಲಿ ಲೆಕ್ಕದ ಪುಸ್ತಕ, ಕಂಪ್ಯೂಟರುಗಳು ಕೂರುತ್ತವೆ. ಆ ಸಾಲಿನಲ್ಲಿ ಸ್ವಂತ ಕೈಯಿಂದ ಹೊಲಿದ ಸೂಜಿಮೆತ್ತೆಯೊಂದಕ್ಕೂ ಸ್ಥಳವಿರಲೆಂದು ನಾವು ಬಯಸುತ್ತೇವೆ. ಬರುವ ರಜೆಯ ದಿನವೇ ವಾಚಕರು ಕತ್ತರಿಯನ್ನು ಕೈಗೆತ್ತಿಕೊಳ್ಳಲಿ.