ನಡುದಾರಿಯಲ್ಲಿ ಕಾರು ಮುನಿಸಿಕೊಂಡರೆ...

ಉಡುಪಿಯಿಂದ ಎಲ್ಲೂರು ದೇವಸ್ಥಾನಕ್ಕೆ ಹೊರಟಿದ್ದೀರಿ. ಹಿಂದಿನ ಸೀಟಿನಲ್ಲಿ ಅತ್ತೆ, ಮಕ್ಕಳು. ಕಾಪು ದಾಟಿ ಉಚ್ಚಿಲದ ಹತ್ತಿರ ಬರುವಾಗ ಕಾರು ನಿಂತೇಬಿಡ್ತು. ಕೀ ತಿರುಗಿಸಿದರೆ ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗ್ತಿಲ್ಲ. ಹಿಂದಿನಿಂದ ಲಾರಿಗಳ ಹಾರ್ನ್ ಬೇರೆ. ಯಜಮಾನರಿಗೆ ಫೋನ್ ಮಾಡಿದರೆ ಅವರು ಮೀಟಿಂಗ್‌ನಲ್ಲಿ!

ಮನೆಗೆ ಹೊಸ ಕಾರು ಬಂದಾಗ ಹಳೆಯದು ಗೃಹಿಣಿಯ ಪಾಲಿಗೆ ಬರೋದು ಮಾಮೂಲು. ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೂ ಅದೆಷ್ಟೋ ಮನೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಮಗುವನ್ನು ಡಾಕ್ಟರ ಬಳಿ ಕರೆದೊಯ್ದಾಗ ಜ್ವರ ಯಾವಾಗ ಬಂತು, ವಾಂತಿ ಆಯ್ತಾ ಅಂತ ಹೇಳುವವರು ನೀವೇ ಅಲ್ವಾ? ಕಾರಿನದ್ದೂ ಹಾಗೆಯೇ. ರಿಪೇರಿ ನಿಮಗೆ ಗೊತ್ತಿರಬೇಕಿಲ್ಲ, ಲಕ್ಷಣ ಗಮನಿಸಿದರೆ ಸಾಕು. ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್, ಕೊನೆಗೆ ಪಂಪು ಎಂದು ಮೂರು ಸಲ ದುಡ್ಡು ತೆರುವುದು ತಪ್ಪುತ್ತದೆ.

ಮೊದಲು ಜೀವ, ಆಮೇಲೆ ಕಾರು

ಓಡುತ್ತಿರುವಾಗಲೇ ಎಂಜಿನ್ ಆಫ್ ಆದರೆ ಬ್ರೇಕ್ ಗಟ್ಟಿಯಾಗುತ್ತದೆ, ಪವರ್ ಸ್ಟೇರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಗಾಬರಿ ಬೇಡ, ಎರಡೂ ಕೆಲಸ ಮಾಡುತ್ತವೆ. ಬ್ರೇಕನ್ನು ಪದೇ ಪದೇ ತುಳಿಯದೆ ಒಂದೇ ಸಮ ಜೋರಾಗಿ ಒತ್ತಿ. ಇರುವ ವೇಗದಲ್ಲೇ ಎಡಕ್ಕೆ ಸರಿಯಿರಿ. ಕಾರು ನಿಲ್ಲುವ ತನಕ ಕೀ ಹೊರಗೆ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು.

ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಸ್ವಿಚ್ ಒತ್ತಿ. ಎಲ್ಲರೂ ಎಡ ಬಾಗಿಲಿನಿಂದಲೇ ಇಳಿದು ರಸ್ತೆಯಿಂದ ದೂರ ನಿಲ್ಲಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಿಕ್ಕಿಬಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಕತ್ತಲಾಗಿ ಭಯವಾದರೆ 112 ಇದ್ದೇ ಇದೆ.

ಇನ್ನು ಬಾನೆಟ್ ಕಡೆಯಿಂದ ಹೊಗೆಯೋ, ಕೆಳಗೆ ಪೆಟ್ರೋಲ್ ಸೋರುವುದೋ ಕಂಡರೆ ಮತ್ತೆ ಕೀ ಮುಟ್ಟಲೇಬೇಡಿ.

ಹೇಗೆ ನಿಂತಿತು?

ಸ್ವಿಚ್ ಆಫ್ ಮಾಡಿದ ಹಾಗೆ ಫಕ್ಕನೆ ನಿಂತಿತಾ? ಹೆಚ್ಚಾಗಿ ಅದು ಕರೆಂಟಿನ ತೊಂದರೆ. ಜಗ್ಗಿ ಜಗ್ಗಿ, ಎಳೆಯಲಾಗದೆ ನಿಂತಿತಾ? ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಅಂತ ಲೆಕ್ಕ. ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟು ಉರಿದಿತ್ತು, ಟೆಂಪರೇಚರ್ ಮುಳ್ಳು ಎಲ್ಲಿತ್ತು ಎಂಬುದನ್ನೂ ನೆನಪಿಟ್ಟುಕೊಳ್ಳಿ.

ಕೀ ತಿರುಗಿಸಿ, ಕಿವಿಗೊಡಿ

* ಸದ್ದೇ ಇಲ್ಲ, ಅಥವಾ ಬರೀ ಟಿಕ್ ಟಿಕ್: ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡಿ. ಲೈಟು ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ಲೈಟು ಪ್ರಕಾಶವಾಗಿಯೇ ಇದ್ದರೆ ಸೆಲ್ಫ್ ಅಥವಾ ಅದರ ವೈರಿನ ಮೇಲೆ ಅನುಮಾನ. ಸಮುದ್ರದ ಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಟರ್ಮಿನಲ್‌ಗೆ ಬಿಳಿ-ಹಸಿರು ಪುಡಿ ಹಿಡಿಯೋದು ಬೇಗ. ಅದನ್ನು ಉಜ್ಜಿ ಬಿಗಿ ಮಾಡಿದರೇ ಎಷ್ಟೋ ಸಲ ಕಾರು ಹೊರಡುತ್ತದೆ.

* ನಿಲ್ಲುವ ಮೊದಲೇ ಕೆಂಪು ಬ್ಯಾಟರಿ ಲೈಟು ಉರಿದಿತ್ತಾ? ಹಾಗಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕೈಕೊಟ್ಟಿರಬಹುದು. ಹೊಸ ಬ್ಯಾಟರಿ ಹಾಕಿದರೂ ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತೆ! ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ತೋರಿಸಬೇಕು. ಅಳೆದು ತೋರಿಸಲು ಹೇಳಿ, ಆಮೇಲೆ ಪರ್ಸ್ ತೆರೆಯಿರಿ.

* ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಎಂಜಿನ್ ಹಿಡಿಯಲ್ಲ: ಪೆಟ್ರೋಲ್ ಮುಳ್ಳನ್ನು ನಂಬಬೇಡಿ, ಹಳೇ ಕಾರಿನಲ್ಲಿ ಅದು ಸುಳ್ಳು ಹೇಳುವುದುಂಟು. ಎಂಪಿಎಫ್‌ಐ ಕಾರಾದರೆ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ 'ಜುಂಯ್' ಸದ್ದು ಕೇಳಬೇಕು. ಕೇಳದಿದ್ದರೆ ಪಂಪ್ ಅಥವಾ ಅದರ ಫ್ಯೂಸ್ ನೋಡಿಸಿ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದೆ, ಸೋರಿಕೆ ಎಲ್ಲೂ ಇಲ್ಲ ಅಂದರೆ ಓವರ್‌ಫ್ಲೋ ಆಗಿದೆ. ಚೋಕ್ ಎಳೆದೇ ಇದ್ದರೆ ಒಳಗೆ ದೂಡಿ, ಹತ್ತು ನಿಮಿಷ ಕಾಯಿರಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಮ್ಮೆ ಪ್ರಯತ್ನಿಸಿ. ಸೆಲ್ಫ್ ಎಂದಿಗಿಂತ ಹಗುರವಾಗಿ, ವೇಗವಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಅಲ್ಲಿಗೇ ನಿಲ್ಲಿಸಿ.

* ಬಿಸಿಯಾದಾಗ ನಿಲ್ಲುತ್ತೆ, ಅರ್ಧ ಗಂಟೆ ಬಿಟ್ಟು ಹೊರಡುತ್ತೆ: ಕಾರ್ಬುರೇಟರ್ ಕಾರಿನಲ್ಲಿ ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ತಡೆಯುವುದುಂಟು. ಇಲ್ಲವೇ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್, ಎಂಜಿನ್ ತಿರುಗುವುದನ್ನು ಅಳೆಯುವ ಸೆನ್ಸರ್ ಬಿಸಿಗೆ ಸೋಲುತ್ತವೆ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ಕಾರು ತಣಿದು ಸರಿಯಾಗಿರುತ್ತದೆ. "ಏನೂ ತೊಂದರೆ ಇಲ್ಲ ಮೇಡಂ" ಎಂಬ ಉತ್ತರ ಬರೋದು ಇದಕ್ಕೇ! 'ಬಿಸಿ ಇರುವಾಗಲೇ ಟೆಸ್ಟ್ ಮಾಡಿ' ಎಂದು ಒತ್ತಾಯಿಸಿ.

ಮಳೆಗಾಲದ ಎಚ್ಚರ

2020ರ ಸೆಪ್ಟೆಂಬರ್ 20ರ ನೆರೆಯನ್ನು ಉಡುಪಿಯವರು ಮರೆತಿಲ್ಲ. ನಿಂತ ನೀರಿನಲ್ಲಿ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಒಳಗೆ ನೀರು ಹೋಗಿದ್ದರೆ ಒಂದೇ ಸೆಲ್ಫ್‌ಗೆ ಕನೆಕ್ಟಿಂಗ್ ರಾಡ್ ಬಗ್ಗಿಹೋದೀತು. ಇನ್ನು ಮಳೆಯ ಬೆಳಿಗ್ಗೆಗಳಲ್ಲಿ ಮಾತ್ರ ಹಟ ಮಾಡುವ ಕಾರಾದರೆ ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ ತೇವ ಇದೆಯಾ ಎಂದು ನೋಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ಹಳೇ ಕಾರಿನ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದ್ದಲ್ಲ. ಸರ್ವೀಸಿನ ಹೊತ್ತಿಗೆ ಅವುಗಳ ಮೇಲೂ ಒಂದು ಕಣ್ಣಿರಲಿ.

ಇವು ಬೇಡ

* ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣಿಯಲಿ.
* ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಮಧ್ಯೆ ಅರ್ಧ ನಿಮಿಷ ಬಿಡಿ. ಮೂರು ಸಲಕ್ಕೆ ಆಗದಿದ್ದರೆ ಬಿಟ್ಟುಬಿಡಿ, ಇಲ್ಲದಿದ್ದರೆ ಚೆನ್ನಾಗಿದ್ದ ಬ್ಯಾಟರಿಯೂ ಖಾಲಿ.
* ಹೆದ್ದಾರಿಯಲ್ಲಿ ಇಳಿದು ಕಾರು ತಳ್ಳುವ ಸಾಹಸ ಬೇಡವೇ ಬೇಡ.

ಚೀಟಿ ಬರೆಯಿರಿ

ಎಷ್ಟು ದೂರ ಓಡಿದ ಮೇಲೆ ನಿಂತಿತು, ಫಕ್ಕನೆಯೋ ಜಗ್ಗಿಯೋ, ಯಾವ ಲೈಟು ಉರಿಯಿತು, ಸೆಲ್ಫ್ ತಿರುಗಿತಾ, ವಾಸನೆ ಬಂತಾ, ಎಷ್ಟು ಹೊತ್ತಿಗೆ ಮತ್ತೆ ಹೊರಟಿತು? ಆರೇ ಆರು ಸಾಲು. ಸಾಮಾನಿನ ಪಟ್ಟಿ ಬರೆದಷ್ಟೇ ಸುಲಭ. ಮೆಕ್ಯಾನಿಕ್ ಕೈಗೆ ಕೊಡಿ. ಬದಲಿಸಿದ ಹಳೇ ಪಾರ್ಟನ್ನು ಕೇಳಿ ಪಡೆಯಿರಿ. ಮುಂದಿನ ಸಲ "ನಿಮಗೆ ಅದೆಲ್ಲ ಗೊತ್ತಾಗಲ್ಲ ಮೇಡಂ" ಅನ್ನುವ ಮೊದಲು ಅವರು ಸ್ವಲ್ಪ ಯೋಚಿಸ್ತಾರೆ, ನೋಡ್ತಾ ಇರಿ!